ಎಡಗಡೆಯ ಹಿಂದಿನ ಗಾಲಿ

ಆ ಮನೆಗಾಡಿಯ ಬ್ರೇಕು ಹಿಡಿಯದೆ ಹೋದುದರ ಫಲವನ್ನು ಅನುಭವಿಸಿದವರು ಇಬ್ಬರು. ಕಮಲಾಪುರದ ರಸ್ತೆಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ತಾಯಿಯೊಬ್ಬರು ತಮ್ಮ ಬಲಗಾಲಿನ ಶಕ್ತಿಯನ್ನು ಕಳೆದುಕೊಂಡರು. ಗಾಡಿ ನಡೆಸುತ್ತಿದ್ದ ಮಹಾಗಾಂವದ ಡ್ರೈವರ್ ಕಾಕಾ ತಮ್ಮ ಲೈಸೆನ್ಸನ್ನೂ ಊರಿನಲ್ಲಿದ್ದ ಮಾನವನ್ನೂ ಕಳೆದುಕೊಂಡರು. ಗಾಡಿಯನ್ನು ರಸ್ತೆಗೆ ಬಿಟ್ಟವರಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಾನು ಯಾರ ಬಗ್ಗೆ ಬರೆಯಲಿದ್ದೇನೋ ಆ ವ್ಯಕ್ತಿಯನ್ನು ಬಹಳ ಪ್ರೀತಿಸಿದ್ದೆ, ಮತ್ತು ಪ್ರೀತಿ ಬರವಣಿಗೆಯೊಳಗೆ ನುಸುಳಿದರೆ ನ್ಯಾಯದ ಕಣ್ಣಿಗೆ ಪೊರೆ ಕಟ್ಟುತ್ತದೆ.

ಸುಟ್ಟ ಬ್ರೇಕ್ ಲೈನರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಕೊಂಬು ಸುಟ್ಟಂತೆ, ಕೂದಲು ಸುಟ್ಟಂತೆ, ಅದರ ಮೇಲೆ ಎಣ್ಣೆಯ ಕಮಟು. ಈಚೆಗೆ ನನ್ನ ಹಳೆಯ ಕಾರನ್ನು ತೋರಿಸಲು ಕಲಬುರಗಿಯ ಹುಮನಾಬಾದ್ ರಸ್ತೆಯ ರಿಪೇರಿ ಶೆಡ್ಡೊಂದಕ್ಕೆ ಹೋಗಿದ್ದೆ. ಒಳಗೆ ಲಾರಿಯೊಂದರ ಗಾಲಿ ಬಿಚ್ಚಿಟ್ಟಿದ್ದರು. ಆ ವಾಸನೆ ಬಂತು. ಅದರ ಬೆನ್ನಿಗೇ ನೆನಪಿನಲ್ಲಿ ಸರ್ ಬಂದರು. ರಸ್ತೆಯ ಧೂಳಿನಲ್ಲಿ ಮೊಣಕಾಲೂರಿ, ಚಪಾತಿ ಮಾಡುವ ಲಟ್ಟಣಿಗೆಯ ಒಂದು ತುದಿಯನ್ನು ಗಾಲಿಯ ಹಿಂಬದಿಗೂ ಇನ್ನೊಂದು ತುದಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ ಆಲಿಸುತ್ತಿದ್ದ ಸರ್... ಆ ಶೆಡ್ಡಿನ ಮಿಸ್ತ್ರಿ ನನ್ನನ್ನು ಗುರುತು ಹಿಡಿದರು. ಅವರು ಹೇಳಿದ್ದನ್ನು ಅದರ ಸ್ಥಳದಲ್ಲಿ ಬರೆಯುತ್ತೇನೆ.

ಸರ್ ನನ್ನ ಶಾಲೆಯ ಗುರುಗಳು. ಶರಣಬಸವೇಶ್ವರ ದೇವಸ್ಥಾನದಿಂದ ಸ್ವಲ್ಪ ದೂರದ ಓಣಿಯಲ್ಲಿ, ಬಾಡಿಗೆಯ ಮನೆಯೊಂದರಲ್ಲಿ ಅವರ ಶಾಲೆ ನಡೆಯುತ್ತಿತ್ತು. ಅಲ್ಲಿ ಬೆತ್ತವಿರಲಿಲ್ಲ, ಮುಂದಿನ ಸಾಲು, ಹಿಂದಿನ ಸಾಲು ಎಂಬುದೂ ಇರಲಿಲ್ಲ. ಎಲ್ಲರೂ ದುಂಡಗೆ ಕೂರುತ್ತಿದ್ದೆವು, ಅವರೂ ನಮ್ಮೊಡನೆ ನೆಲದ ಮೇಲೆ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಆ ಮನುಷ್ಯ ನಮ್ಮೊಡನೆ ನಮ್ಮ ಓಣಿಯ ಕನ್ನಡವನ್ನೇ ಆಡುತ್ತಿದ್ದರು. ಒಮ್ಮೆ ಕಿಟಕಿಯ ಗಾಜು ಒಡೆದಾಗ ನಾನು ಎದ್ದು ನಿಂತು, “ಗಾಜು ಒಡದದ ಸರ್” ಎಂದಿದ್ದೆ.

“ಗಾಜಿಗೆ ಬ್ಯಾಸರ ಬಂದು ತಾನ ಒಡಕೊಂಡಿತೇನವ್ವಾ?” ಎಂದಿದ್ದರು ಅವರು. “ಯಾರು ಒಡದಾರ, ಅಷ್ಟು ಹೇಳು. ಬೈಯೂದಿಲ್ಲ. ಆದ್ರ ಹೆಸರು ಹೇಳು.”

ಯಾವ ಕೇಡೂ ತಾನಾಗಿ ಆಗುವುದಿಲ್ಲ, ಯಾರೋ ಮಾಡಿರುತ್ತಾರೆ. ಮಾಡಿದವರನ್ನು ಗುರುತಿಸದೆ ಕೇಡನ್ನು ಖಂಡಿಸುವುದು ಹೇಡಿತನ. ಇದು ನಾನು ಅವರಿಂದ ಕಲಿತ ಮೊದಲ ಪಾಠ. ಬಾಲ್ಯವಿವಾಹ ತಡೆಯಲು ಹೋಗಿ ಮಂಟಪದಲ್ಲಿ ನಿಂತಾಗಲೂ, ಕೂಲಿ ಕೊಡದ ಗುತ್ತಿಗೆದಾರನ ಬಾಗಿಲಲ್ಲಿ ಕುಳಿತಾಗಲೂ ನನ್ನನ್ನು ನಿಲ್ಲಿಸಿದ್ದು ಆ ಪಾಠ. ಇಂದು ಈ ಲೇಖನವನ್ನು ಬರೆಸುತ್ತಿರುವುದೂ ಅದೇ.

ಶಾಲೆ ಸಂಸ್ಥೆಯಾಗಿ ಬೆಳೆದ ಮೇಲೆ ಸರ್ ಒಂದು ಹಳೆಯ ಬಸ್ಸನ್ನು ಕೊಂಡು ಮನೆಗಾಡಿಯಾಗಿ ಮಾರ್ಪಡಿಸಿದರು. ಶಾಲೆ ಬಿಟ್ಟ ಹೆಣ್ಣುಮಕ್ಕಳಿರುವ ಊರಿಗೆ ಶಾಲೆಯೇ ಹೋಗಬೇಕು, ಹೋಗಿ ಅಲ್ಲಿಯೇ ವಾಸ ಮಾಡಬೇಕು ಎಂಬುದು ಅವರ ಕನಸು. ಒಂದು ಬದಿಗೆ ಮಲಗುವ ಹಲಗೆಗಳು, ಪುಸ್ತಕದ ಕಪಾಟು. ಇನ್ನೊಂದು ಬದಿಗೆ ಒಲೆ, ಸಿಲಿಂಡರು, ಪಾತ್ರೆಯ ಗೂಡು, ಹಿಂದಿನ ಮೂಲೆಯಲ್ಲಿ ನೀರಿನ ದೊಡ್ಡ ಟಾಕಿ. ಊರಿನ ಮಕ್ಕಳು ಅದಕ್ಕೆ ‘ಮನಿ ಬಸ್ಸು’ ಎಂದು ಹೆಸರಿಟ್ಟಿದ್ದರು. ನಾವು ಕಾರ್ಯಕರ್ತರು ವಾರಗಟ್ಟಲೆ ಅದರಲ್ಲಿಯೇ ಉಂಡು, ಮಲಗಿ, ಪಾಠ ಹೇಳುತ್ತಿದ್ದೆವು. ಅದನ್ನು ನಡೆಸುತ್ತಿದ್ದವರು ಡ್ರೈವರ್ ಕಾಕಾ. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಒಂದು ಕೊಂಕು ಮಾತು, ಕುಡಿತದ ವಾಸನೆಯೂ ಸೇರದ ಮನುಷ್ಯ.

ಆ ಮನೆಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲರೂ ಗಾಡಿಯ ಪಕ್ಕದಲ್ಲಿ ದುಂಡಗೆ ಕೂರಬೇಕು. ಆ ದಿನದ ಪ್ರತಿಯೊಂದು ನಿರ್ಧಾರವನ್ನೂ, ಯಾವ ಓಣಿಗೆ ಹೋಗುವುದು ಎಂಬುದರಿಂದ ಹಿಡಿದು ಏನು ಅಡುಗೆ ಎಂಬುದರವರೆಗೆ, ಕೈ ಎತ್ತಿಯೇ ತೀರ್ಮಾನಿಸಬೇಕು. ಸರ್ ಅವರದೂ ಒಂದೇ ಕೈ, ಡ್ರೈವರ್ ಕಾಕಾರದೂ ಒಂದೇ ಕೈ. ತೀರ್ಮಾನವಾದ ಮೇಲೆ ‘ನಾನು ಬೇಡ ಅಂದಿದ್ದೆ’ ಎನ್ನುವಂತಿಲ್ಲ. ಅದು ಎಲ್ಲರ ಮಾತು, ಅದರ ಫಲವೂ ಎಲ್ಲರದು. ಲೋಕದಲ್ಲಿ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇನ್ನೊಂದಿಲ್ಲವೆಂದು ನಾನು ಆಗ ತಿಳಿದಿದ್ದೆ.

ಶಬ್ದ ಮೊದಲು ಕೇಳಿಸಿದ್ದು ಮಹಾಗಾಂವದ ಸುತ್ತಿನ ಹಳ್ಳಿಗಳಲ್ಲಿದ್ದಾಗ. ಕಾಕಾ ಬ್ರೇಕ್ ತುಳಿದಾಗಲೆಲ್ಲ ಎಲ್ಲಿಂದಲೋ ಕಿರ್ರೆಂಬ ಸಣ್ಣ ಕೂಗು. ಸಮಸ್ಯೆಯೆಂದರೆ, ನಮ್ಮ ಗಾಡಿ ಗಾಡಿಯಷ್ಟೇ ಆಗಿರಲಿಲ್ಲ, ಸಂಸಾರವೂ ಆಗಿತ್ತು. ವೇಗ ಕಡಿಮೆಯಾದಾಗ ಒಲೆಯ ಮೇಲಿನ ತವೆ ಸರಿಯುತ್ತಿತ್ತು, ತಟ್ಟೆಗಳು ಒಂದಕ್ಕೊಂದು ತಾಕುತ್ತಿದ್ದವು, ಟಾಕಿಯ ನೀರು ಮುಂದಕ್ಕೆ ನುಗ್ಗುತ್ತಿತ್ತು. ಯಾವುದು ಮನೆಯ ಸದ್ದು, ಯಾವುದು ಗಾಲಿಯ ಸದ್ದು ಎಂದು ಬೇರ್ಪಡಿಸುವುದೇ ಕಷ್ಟ.

“ಊಹಾ ಮಾಡಬ್ಯಾಡ್ರಿ, ಮೊದಲ ಕೇಳ್ರಿ,” ಎಂದರು ಸರ್. “ಒಂದೊಂದ ಸದ್ದು ತಗದು ಇಡೂಣು. ಕಡೀಗಿ ಉಳಿದದ್ದ ಕಳ್ಳ.”

ಅದೊಂದು ಸುಂದರವಾದ ಪಾಠವಾಗಿತ್ತು. ತಟ್ಟೆಗಳನ್ನು ಹಾಸಿಗೆಯಲ್ಲಿ ಸುತ್ತಿದೆವು. ತವೆಯನ್ನು ಕೆಳಗಿಳಿಸಿದೆವು. ಕಪಾಟಿನ ಬಾಗಿಲಿಗೆ ದುಪಟ್ಟಾ ಬಿಗಿದೆವು. ಶಬ್ದ ಉಳಿಯಿತು. ಬೆಳಗಿನ ಇಬ್ಬನಿಗೆ ಗಾಲಿಯ ಬ್ರೇಕ್ ಡ್ರಮ್ಮಿನೊಳಗೆ ತುಕ್ಕು ಹಿಡಿದಿರಬಹುದು, ನಾಲ್ಕು ಸಲ ತುಳಿದರೆ ಹೋಗುತ್ತದೆ ಎಂದರು ಕಾಕಾ, ಮಧ್ಯಾಹ್ನವೂ ಉಳಿಯಿತು. ತೊಗರಿ ಹೊಲದ ದಾರಿಯಲ್ಲಿ ಹರಳು ಸಿಕ್ಕಿರಬೇಕೆಂದು ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಿದರು, ಆಗಲೂ ಉಳಿಯಿತು. ಕೊನೆಗೆ ಸರ್ ಒಂದೊಂದು ಗಾಲಿಗೆ ಒಬ್ಬೊಬ್ಬರನ್ನು ನಿಲ್ಲಿಸಿದರು. ಕಾಕಾ ಗಾಡಿಯನ್ನು ಆಮೆಯಂತೆ ನಡೆಸಬೇಕು, ನಾವು ಪಕ್ಕದಲ್ಲಿ ನಡೆಯಬೇಕು, ಬ್ರೇಕ್ ತುಳಿದಾಗ ತನ್ನ ಗಾಲಿ ಕೂಗಿದವರು ಕೈ ಎತ್ತಬೇಕು. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡಿದರು. ಎಡಗಡೆಯ ಹಿಂದಿನ ಗಾಲಿಯ ಬಳಿ ನಾನಿದ್ದೆ. ನನ್ನ ಕೈ ಮೇಲೆದ್ದಿತು. ಟಾಕಿಯೂ ಒಲೆಯೂ ಸಿಲಿಂಡರೂ ಇದ್ದದ್ದು ಅದೇ ಬದಿಗೆ. ಮನೆಯ ಭಾರವನ್ನೆಲ್ಲ ಹೊರುತ್ತಿದ್ದುದು ಆ ಒಂದು ಗಾಲಿ. ಆಗಲೇ ಸರ್ ಲಟ್ಟಣಿಗೆ ತರಿಸಿ ಕಿವಿಗೆ ಹಿಡಿದದ್ದು. ಮರದ ಮೂಲಕ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆಂದು ನಮಗೆಲ್ಲ ಸರದಿಯಂತೆ ಕೇಳಿಸಿದರು. ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ,

“ಸರ್, ನಾಡಿ ಹ್ಯಾಂಗದ? ಪೇಶಂಟ್ ಉಳೀತದೋ ಇಲ್ಲೋ?” ಎಂದರು.

“ನೀ ಸುಮ್ಮ ಕೂಡಪಾ. ಇವತ್ತ ಚಪಾತಿ ಬಂದ್, ನಿನಗ ರೊಟ್ಟೀನ ಗತಿ,” ಎಂದರು ಸರ್, ಕಣ್ಣು ತೆರೆಯದೆ.

ನಾವೆಲ್ಲ ನಕ್ಕೆವು. ಆ ಮನುಷ್ಯನ ಜೊತೆಯಲ್ಲಿ ಕೆಟ್ಟುನಿಂತ ಗಾಡಿಯೂ ಒಂದು ಹಬ್ಬದಂತಿರುತ್ತಿತ್ತು... ಅದನ್ನು ನಾನು ಅಲ್ಲಗಳೆಯಲಾರೆ.

ಎರಡು ದಿನಗಳಲ್ಲಿ ಕೂಗು ಹೋಗಿ ಗರಗರವೆಂಬ ಉಜ್ಜುವ ಸದ್ದಾಯಿತು. ಗಾಡಿಯನ್ನು ಕಲಬುರಗಿಗೆ ತಂದೆವು. ಅದೇ ಹುಮನಾಬಾದ್ ರಸ್ತೆಯ ಶೆಡ್ಡು. ಮರುದಿನ ಕಮಲಾಪುರದಲ್ಲಿ ನಮ್ಮ ದೊಡ್ಡ ಕಾರ್ಯಕ್ರಮವಿತ್ತು. ಸಂಸ್ಥೆಗೆ ನೆರವು ಕೊಡಲು ಯೋಚಿಸುತ್ತಿದ್ದ ಹೊರಗಿನ ಅತಿಥಿಗಳು ಮನೆಗಾಡಿಯನ್ನು ನೋಡಲು ಬರುವವರಿದ್ದರು. ಇಂಥ ಗಾಡಿಗಳು ಇನ್ನಷ್ಟು ಊರುಗಳಿಗೆ ಹೋಗುವವೋ ಇಲ್ಲವೋ ಎಂಬುದು ಆ ಭೇಟಿಯ ಮೇಲೆ ನಿಂತಿತ್ತು. ಸರ್ ಡ್ರೈವರ್ ಕಾಕಾರನ್ನೂ ನನ್ನನ್ನೂ ಕರಪತ್ರ ತರಲು ಮಾರುಕಟ್ಟೆಗೆ ಕಳಿಸಿ, ತಾವೊಬ್ಬರೇ ಮಿಸ್ತ್ರಿಯ ಬಳಿ ಉಳಿದರು. ನಾವು ಮರಳಿದಾಗ ಗಾಲಿ ಮತ್ತೆ ಕೂತಿತ್ತು. ಕಾಕಾ ಗಾಡಿ ಹೊರತೆಗೆದು ಬ್ರೇಕ್ ತುಳಿದರು. ಯಾವ ಸದ್ದೂ ಇಲ್ಲ.

“ಧೂಳು ಕೂತಿತ್ತಂತ. ತಗದು ಒರಸ್ಯಾರ,” ಎಂದರು ಸರ್.

ಮರುದಿನ ಬೆಳಗಿನ ದುಂಡು ಸಭೆಯಲ್ಲಿ ಕಾಕಾ ಚಹಾದ ಗ್ಲಾಸು ಕೆಳಗಿಟ್ಟು ಒಂದು ಮಾತು ಹೇಳಿದರು. ಸದ್ದು ಹೋಗಿದೆ, ಖರೆ. ಆದರೆ ಪೆಡಲು ಮೆತ್ತಗೆ ಹತ್ತುತ್ತದೆ, ತುಳಿದರೆ ಗಾಡಿ ಬಲಕ್ಕೆ ಎಳೆದಂತಾಗುತ್ತದೆ. ತನ್ನ ಭ್ರಮೆಯೂ ಇರಬಹುದು, ಇನ್ನೊಮ್ಮೆ ತೋರಿಸಿ ಹೋಗೋಣವೇ ಎಂದರು. ಬ್ರೇಕು ಕೈ ಎತ್ತಿ ತೀರ್ಮಾನಿಸುವ ವಿಷಯವಲ್ಲ ಎಂದು ಬೇರೆ ಯಾವ ಗಾಡಿಯಲ್ಲಾದರೂ ಯಾರಾದರೂ ಹೇಳುತ್ತಿದ್ದರು. ನಮ್ಮ ಗಾಡಿಯಲ್ಲಿ ಎಲ್ಲವೂ ಕೈ ಎತ್ತುವ ವಿಷಯವೇ. ಸರ್ ಶಾಂತವಾಗಿ, “ನಮ್ಮ ಕಣ್ಣ ಮುಂದಿನ ಸಾಕ್ಷಿ ಏನದ? ಸದ್ದಿತ್ತು, ಮಿಸ್ತ್ರಿ ನೋಡಿದ, ಸದ್ದು ಹೋತು. ಹೋಗೂಣು ಅನ್ನವರು ಕೈ ಎತ್ತರಿ,” ಎಂದರು. ಕೈಗಳು ಎದ್ದವು, ನನ್ನದೂ. ಕಾಕಾ ಸುತ್ತ ನೋಡಿ, “ಆತಪಾ, ಎಲ್ಲಾರೂ ಶ್ಯಾಣ್ಯಾರಿದ್ದೀರಿ, ನನ್ನ ಕಾಲಿಗೇ ಜ್ವರ ಬಂದಿರಬೇಕು,” ಎಂದು ನಗುತ್ತ ತಮ್ಮ ಕೈಯನ್ನೂ ಎತ್ತಿದರು.

ನಾನು ಕೈ ಎತ್ತಿದ್ದನ್ನು ತಪ್ಪೆಂದು ಒಪ್ಪಿಕೊಳ್ಳುವುದಿಲ್ಲ. ನಂಬುವುದು ತಪ್ಪಲ್ಲ. ಸತ್ಯವನ್ನು ತನ್ನ ಬಳಿ ಇಟ್ಟುಕೊಂಡು ಉಳಿದವರಿಂದ ಮತ ಕೇಳುವುದು ತಪ್ಪು.

ಕಮಲಾಪುರ ಹತ್ತಿರವಾದಂತೆ ಇಳಿಜಾರುಗಳಲ್ಲಿ ಆ ವಾಸನೆ ಬರತೊಡಗಿತು. ಒಲೆಯ ಮೇಲೆ ಏನೋ ಹತ್ತಿರಬೇಕೆಂದು ನಾನು ಎದ್ದು ಹೋಗಿ ನೋಡಿದೆ, ಒಲೆ ಆರಿತ್ತು. ಊರಿನ ಮೊದಲ ಅಂಗಡಿಗಳು ಕಂಡಾಗ ಕಾಕಾ ಬ್ರೇಕ್ ತುಳಿದರು. ಗಾಡಿ ನಿಲ್ಲದೆ ಬಲಕ್ಕೆ ವಾಲಿತು. ಎದುರಿನಿಂದ ಜನ ತುಂಬಿದ ಬಸ್ಸು ಬರುತ್ತಿತ್ತು. ಕಾಕಾ ಸ್ಟೇರಿಂಗನ್ನು ಎಡಕ್ಕೆ ಎಳೆದರು. ತಳ್ಳುಗಾಡಿ, ಕೆಂಪು ಬಾಳೆಯ ಗೊನೆಗಳು, ಬೇವಿನ ಮರ... ಮರ ನಮ್ಮನ್ನು ನಿಲ್ಲಿಸಿತು. ತಳ್ಳುಗಾಡಿಯ ಕೆಳಗೆ ಆ ತಾಯಿಯ ಕಾಲಿತ್ತು.

ಅವರು ಕೂಗಲಿಲ್ಲ. “ಹಣ್ಣು ತುಳೀಬ್ಯಾಡ್ರಿ, ಹಣ್ಣು ತುಳೀಬ್ಯಾಡ್ರಿ” ಎಂದು ಸುತ್ತ ನೆರೆದವರಿಗೆ ಹೇಳುತ್ತಿದ್ದರು.

ಆಮೇಲೆ ನಡೆದದ್ದನ್ನು ಯಾರು ಯಾರು ನಡೆಸಿದರೆಂದು ತೋರಿಸಿಯೇ ಹೇಳಬೇಕು. ಗಾಡಿಯನ್ನು ತಪಾಸಣೆ ಮಾಡಲು ಬಂದ ಅಧಿಕಾರಿ ಪೆಡಲು ತುಳಿದು ನೋಡಿ, ಗಾಲಿ ಬಿಚ್ಚಿಸದೆ, ಬ್ರೇಕು ಸರಿಯಿದೆಯೆಂದು ಬರೆದುಕೊಂಡು ಹೋದರು. ಅದು ಅವರು ಮಾಡಿದ ಅನ್ಯಾಯ. ಗಾಡಿಯನ್ನು ಹಿಂದಿನ ದಿನವಷ್ಟೇ ತೋರಿಸಿದ್ದೆವು, ಯಾವ ದೋಷವೂ ಇರಲಿಲ್ಲ ಎಂದು ಸರ್ ಪೊಲೀಸರಿಗೆ ಹೇಳಿಕೆ ಕೊಟ್ಟರು. ಸಂಸ್ಥೆಯ ಟ್ರಸ್ಟಿಗಳು ಅದನ್ನೇ ತಮ್ಮ ಹೇಳಿಕೆಯಾಗಿ ಕೊಟ್ಟರು. ಗಾಡಿಯಲ್ಲಿ ದೋಷವಿಲ್ಲವೆಂದಾದ ಮೇಲೆ ದೋಷ ಉಳಿಯುವುದು ಗಾಡಿ ನಡೆಸುವವನಲ್ಲಿ. ಅಜಾಗರೂಕತೆಯ ಆರೋಪ ಬಂತು, ಲೈಸೆನ್ಸು ಹೋಯಿತು. ಬೆಳಗಿನ ಸಭೆಯಲ್ಲಿ ಕಾಕಾ ಪೆಡಲಿನ ವಿಷಯ ಹೇಳಿದ್ದರಲ್ಲ ಎಂದು ನಾನು ಸರ್ ಅವರನ್ನು ಕೇಳಿದೆ.

“ಹೇಳಿದ್ದ. ಆಮ್ಯಾಲ ಅಂವಾನೂ ಕೈ ಎತ್ತಿದ್ದ ಅಲ್ಲವ್ವಾ,” ಎಂದರು ಅವರು. “ಎಲ್ಲಾರೂ ಕೂಡಿ ಮಾಡಿದ ನಿರ್ಣಯ ಅದು. ಒಬ್ಬರ ಮ್ಯಾಲ ಹಾಕಲಾಕ ಬರೂದಿಲ್ಲ.”

ಆದರೂ ಅದು ಒಬ್ಬರ ಮೇಲೆಯೇ ಬಿತ್ತು. ಸರ್ ಅವರ ಮುಖದಲ್ಲಿ ನಿಜವಾದ ದುಃಖವಿತ್ತು. ಆ ದುಃಖವನ್ನು ನಾನು ಪ್ರಾಮಾಣಿಕತೆಯೆಂದು ಓದಿಕೊಂಡೆ. ಎರಡೂ ಬೇರೆಯೆಂಬುದು ಈಗ ತಿಳಿದಿದೆ. ಅತಿಥಿಗಳು ಮುಂದೆ ಇನ್ನೊಂದು ದಿನ ಬಂದರು, ನೆರವು ಬಂತು, ಸಂಸ್ಥೆ ದೊಡ್ಡದಾಯಿತು.

ಈ ವರ್ಷ ಸರ್ ತೀರಿಕೊಂಡರು. ಅವರ ಸ್ಮರಣ ಸಂಪುಟಕ್ಕೆ ಲೇಖನ ಬರೆದುಕೊಡಬೇಕೆಂದು ಟ್ರಸ್ಟಿಗಳು ನನ್ನನ್ನು ಕೇಳಿದರು. ಅವರ ಹೆಸರಿನ ಹೊಸ ಮನೆಗಾಡಿಯೊಂದು ಕಮಲಾಪುರದಿಂದಲೇ ಹೊರಡಲಿದೆ. ನಾನು ಸಂತೋಷದಿಂದ ಒಪ್ಪಿಕೊಂಡೆ. ಬರೆಯಲು ಆರಂಭಿಸಿಯೂ ಇದ್ದೆ. ಆ ವಾರವೇ ಕಾರು ತೋರಿಸಲು ಶೆಡ್ಡಿಗೆ ಹೋದದ್ದು.

“ನೀವು ಮನಿ ಬಸ್ಸಿನ ಟೀಚರ್ ಬಾಯಿ ಅಲ್ಲೇನ್ರೀ?” ಎಂದರು ಮಿಸ್ತ್ರಿ, ಕೈ ಒರೆಸಿಕೊಳ್ಳುತ್ತ. “ಸರ್ ಗುಜರ್ ಗಯೇ, ತೀರಿಕೊಂಡ್ರು ಅಂತ ಕೇಳಿದೆ. ಭಾಳ ಒಳ್ಳೇ ಆದ್ಮಿ. ಆದ್ರ ಅವತ್ತ ನನ್ನ ಮಾತು ಕೇಳಲಿಲ್ಲ ನೋಡ್ರಿ.”

ಯಾವ ಮಾತು ಎಂದು ಕೇಳಿದೆ.

“ಡ್ರಮ್ಮಿಗೆ ಒತ್ತೂ ಲೈನರ್ ಸವದು ಖಲಾಸ್ ಆಗಿತ್ರೀ. ಕಬ್ಬಿಣ ಕಬ್ಬಿಣಕ್ಕ ಹತ್ತಿ ಡ್ರಮ್ ತಿನ್ನಲಾಕತ್ತಿತ್ತು. ಸಾಮಾನು ಹೈದರಾಬಾದಿಂದ ಬರಬೇಕು, ಎರಡು ದಿನ ಗಾಡಿ ಬಿಡ್ರಿ ಅಂದೆ. ನಾಳೆ ಕಮಲಾಪುರಕ್ಕ ಹೋಗಲೇಬೇಕು, ಅತಿಥಿಗಳ ಮುಂದ ಸದ್ದು ಬರಬಾರದು ಅಂದ್ರು. ಸದ್ದು ಬಂದ್ ಮಾಡಬೇಕಂದ್ರ ಆ ಗಾಲಿ ಬ್ರೇಕೇ ಸಡಲ ಬಿಡಬೇಕು ಸಾಬ್, ಆಮ್ಯಾಲ ಆ ಗಾಲಿ ಹಿಡಿಯೂದಿಲ್ಲ, ಉಳದ ಗಾಲಿ ಬ್ರೇಕು ಕಾಯ್ದು ಸುಡ್ತಾವ ಅಂದೆ. ಬಿಡ್ರಿ, ಮೂರು ಗಾಲಿ ಅವಲ್ಲ ಅಂದ್ರು.”

“ಡ್ರೈವರ್‌ಗೆ ಹೇಳಲಿಲ್ಲೇನು ನೀವು?”

“ಹೇಳ್ತೀನಿ ಅಂದೆ. ಬ್ಯಾಡ, ನಾನ ಹೇಳ್ತೀನಿ ಅಂದ್ರು.”

“ಆಮೇಲಾದ್ರೂ ಯಾರಿಗಾದ್ರೂ ಹೇಳಬೇಕಿತ್ತಲ್ಲ?”

ಮಿಸ್ತ್ರಿ ನನ್ನನ್ನು ನೇರವಾಗಿ ನೋಡಿದರು. “ಯಾರು ಕೇಳಿದ್ರು ಟೀಚರ್ ಬಾಯಿ? ಪೊಲೀಸರು ಬರಲಿಲ್ಲ. ನೀವೂ ಇವತ್ತ ಬರಲಾಕತ್ತೀರಿ.”

ಕೇಳದಿದ್ದರೂ ಹೇಳಬೇಕಾಗಿತ್ತು. ಬ್ರೇಕು ಸಡಿಲಿಸಿದ ಕೈ ಅವರದು. ಅದೂ ಅನ್ಯಾಯವೇ, ಅದನ್ನು ಅವರ ಮುಂದೆಯೇ ಹೇಳಿದೆ. ಅವರು ತಲೆ ತಗ್ಗಿಸಿ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದರು. ಆದರೆ ಶೆಡ್ಡಿನಿಂದ ಹೊರಬಂದು ನಿಂತಾಗ ನನ್ನನ್ನು ಸುಟ್ಟದ್ದು ಬೇರೆಯೇ. ಧೂಳಿನಲ್ಲಿ ಮೊಣಕಾಲೂರಿ ನಮಗೆ ಆಲಿಸಲು ಕಲಿಸಿದವರು, ಆ ಗಾಲಿಯ ಬಾಯಿ ಮುಚ್ಚಿಸಿ ನಮ್ಮ ಮುಂದೆ ನಿಲ್ಲಿಸಿದರು. ಅದು ಸುಮ್ಮನಿದ್ದುದನ್ನೇ ಸಾಕ್ಷಿಯೆಂದರು. ನಮ್ಮ ಸಮಾನತೆಯನ್ನು, ನಮ್ಮ ಎತ್ತಿದ ಕೈಗಳನ್ನು, ತಮ್ಮ ಒಂದು ಸುಳ್ಳಿಗೆ ಹೊದಿಕೆ ಮಾಡಿಕೊಂಡರು. ಅವರ ಕನಸು ದೊಡ್ಡದಿತ್ತು ಎನ್ನುವವರಿದ್ದಾರೆ. ಆ ಕನಸಿನ ಕೆಳಗೆ ಸಿಕ್ಕಿದ್ದು ಬೇರೆಯವರ ಕಾಲು.

ಮಹಾಗಾಂವಕ್ಕೆ ಹೋದೆ. ಡ್ರೈವರ್ ಕಾಕಾ ಈಗ ತೊಗರಿಯ ಗೋದಾಮೊಂದರಲ್ಲಿ ಕಾವಲು ಕಾಯುತ್ತಾರೆ. ಚೀಲಗಳ ನೆರಳಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವರು ತಮ್ಮ ಬಲಗಾಲನ್ನೊಮ್ಮೆ ನೋಡಿಕೊಂಡರು.

“ಹಂಗಾರ ನನ್ನ ಕಾಲಿಗೆ ಜ್ವರ ಇರಲಿಲ್ಲ,” ಎಂದರು. ನಗಲು ನೋಡಿದರು, ಆಗಲಿಲ್ಲ. “ಸರ್ ಹೋಗಿಬಿಟ್ರು. ಈಗ ಯಾರ ಮ್ಯಾಲ ಸಿಟ್ಟಿಗೇಳ್ಲಿ ಹೇಳವ್ವಾ? ನಮ್ಮೂರಾಗ ಎಲ್ಲಾರೂ ನಾ ಕುಡದು ಗಾಡಿ ಹೊಡದೀನಿ ಅಂತಾರ. ವಿಭೂತಿ ಹಚ್ಚಿಕೊಂಡ್ರ ಮಗ್ಗಲಿನವ ನಗ್ತಾನ. ಮಗಳ ಮಾತುಕತಿಗೆ ಬಂದ ಬೀಗರೂ ಅದನ್ನ ಕೇಳಿದ್ರು.”

ಏನು ಬೇಕು ಕಾಕಾ ಎಂದು ಕೇಳಿದೆ. ಕೋರ್ಟು, ಪರಿಹಾರ, ಏನಾದರೂ ಹೇಳಿಯಾರು ಎಂದುಕೊಂಡಿದ್ದೆ.

“ನಮ್ಮ ಊರ ಕಟ್ಟಿಗೆ ಬಂದು ಯಾರರ ಒಮ್ಮೆ ಹೇಳ್ಲಿ. ಗಾಡ್ಯಾಗ ದೋಷ ಇತ್ತು, ಅದು ಇಂವಗ ಗೊತ್ತಿರಲಿಲ್ಲ ಅಂತ. ನಾನ ಹೇಳಿದ್ರ ಯಾರು ಕೇಳ್ತಾರ?”

ಸರ್ ಬದುಕಿದ್ದರೆ ನಾನು ಅವರ ಎದುರಿಗೆ ಕುಳಿತು ಕೇಳುತ್ತಿದ್ದೆ. ಆ ಅವಕಾಶವನ್ನು ಸಾವು ಕಿತ್ತುಕೊಂಡಿತು. ಅವರ ಅಂತಿಮ ದರ್ಶನದ ದಿನ ನಾನು ಮನಸಾರೆ ಅತ್ತಿದ್ದೆ. ಆ ಅಳುವೂ ಈಗ ನನ್ನದಾಗಿ ಉಳಿದಿಲ್ಲ. ಬೀದಿಯಲ್ಲಿ ಯಾರಾದರೂ ಗುರುಗಳ ವಿಷಯ ಎತ್ತಿದರೆ ನಾಲಿಗೆ ಮೊದಲಿನಂತೆ ಹೊಗಳಲು ಹೊರಡುತ್ತದೆ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ... ನನಗೆ ಮಾತು ಕಲಿಸಿದವರನ್ನು ಕಳೆದುಕೊಂಡಿದ್ದೇನೆ. ಬೂದಿಯೂ ಸಿಗದ ಹಾಗೆ ಕಳೆದುಕೊಂಡಿದ್ದೇನೆ.

ಸಂಸ್ಥೆಯ ಟ್ರಸ್ಟಿಗಳೇ, ನೀವು ಕೇಳಿದ ಲೇಖನ ಇದು. ಸಂಪುಟದಲ್ಲಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಇದನ್ನು ನಾನು ಬೇರೆಡೆಯೂ ಪ್ರಕಟಿಸುತ್ತೇನೆ. ಹೊಸ ಗಾಡಿಯನ್ನು ಹೊರಡಿಸುವ ಮೊದಲು ನೀವು ಮೂರು ಕೆಲಸ ಮಾಡಬೇಕು. ಗಾಡಿಯಲ್ಲಿ ದೋಷವಿರಲಿಲ್ಲವೆಂದು ಕೊಟ್ಟ ಹೇಳಿಕೆಯನ್ನು ಮಿಸ್ತ್ರಿಯ ಮಾತಿನೊಡನೆ ಪೊಲೀಸ್ ಠಾಣೆಯಲ್ಲಿಯೂ ಲೈಸೆನ್ಸು ಕಿತ್ತುಕೊಂಡ ಕಚೇರಿಯಲ್ಲಿಯೂ ಲಿಖಿತವಾಗಿ ತಿದ್ದಬೇಕು. ಕಮಲಾಪುರದ ಆ ತಾಯಿಯ ಕಾಲಿನ ಚಿಕಿತ್ಸೆಯನ್ನು, ಅವರು ಬದುಕಿರುವವರೆಗೂ, ಸಂಸ್ಥೆಯೇ ಹೊರಬೇಕು. ಮತ್ತು ಮಹಾಗಾಂವದ ಸಂತೆಯ ದಿನ, ಜನ ತುಂಬಿರುವ ಹೊತ್ತಿಗೆ, ನೀವೆಲ್ಲರೂ ಊರ ಕಟ್ಟೆಯ ಮೇಲೆ ನಿಂತು, ಡ್ರೈವರ್ ಕಾಕಾರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬ್ರೇಕು ಕೆಟ್ಟಿದ್ದು ನಮ್ಮ ಸಂಸ್ಥಾಪಕರಿಗೆ ಗೊತ್ತಿತ್ತು, ಇವರಿಗೆ ಗೊತ್ತಿರಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಕು.